ಅಮಾವಾಸ್ಯೆ ಇವತ್ತಾ, ನಾಳೆನಾ? ಚಂದ್ರನನ್ನೂ ಕ್ಯಾಲೆಂಡರನ್ನೂ ಒಟ್ಟಿಗೆ ಓದುವ ಕ್ರಮ

ಹಬ್ಬ ಹತ್ತಿರ ಬಂತೆಂದರೆ ಓದುಗರ ಪ್ರಶ್ನೆ ಶುರು. "ಗೋಡೆ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನಾಳೆ ಅಂತಿದೆ, ಟಿವಿಯಲ್ಲಿ ಇವತ್ತೇ ಅಂತಾರೆ. ಯಾವುದು ಸರಿ?" 2024ರ ದೀಪಾವಳಿಗೂ ಇದೇ ಪ್ರಶ್ನೆ, 2025ರ ದೀಪಾವಳಿಗೂ ಇದೇ.

ಹೆಚ್ಚಿನ ಸಲ ಎರಡೂ ಸರಿಯೇ ಇರುತ್ತವೆ. ನಾವು ತಿಥಿಯನ್ನು ತಾರೀಖಿನ ಹಾಗೆ ಓದುವುದರಿಂದ ಗೊಂದಲವಾಗುತ್ತದೆ. ತಾರೀಖು ನಡುರಾತ್ರಿ 12ಕ್ಕೆ ಬದಲಾಗುತ್ತದೆ, ಪ್ರತಿಯೊಂದಕ್ಕೂ 24 ಗಂಟೆ. ತಿಥಿ ಮಾತ್ರ ಚಂದ್ರ ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಅನ್ನುವ ಲೆಕ್ಕ. ಅದು ಬೆಳಗ್ಗೆ ಬದಲಾಗಬಹುದು, ಮಟಮಟ ಮಧ್ಯಾಹ್ನವೂ ಬದಲಾಗಬಹುದು.

ಇಲ್ಲಿ ಮೊದಲು ಆಕಾಶ ನೋಡೋಣ, ಆಮೇಲೆ ಕ್ಯಾಲೆಂಡರ್. ಚಂದ್ರನನ್ನು ನೋಡದೆ ಪಂಚಾಂಗ ಕಲಿಯಲು ಹೊರಟರೆ ಅದು ಬರೀ ಬಾಯಿಪಾಠವಾಗುತ್ತದೆ.

ಏನೇನು ಬೇಕು

ಪೂರ್ವ, ಪಶ್ಚಿಮ ಎರಡೂ ಕಡೆ ಕಾಣುವ ತಾರಸಿ ಅಥವಾ ಬಯಲು. ತಿಥಿ ಮುಗಿಯುವ ಹೊತ್ತನ್ನೂ ಅಚ್ಚು ಹಾಕಿರುವ ಒಂದು ಕ್ಯಾಲೆಂಡರ್ ಅಥವಾ ಪಂಚಾಂಗ. ಬರೀ ತಿಥಿಯ ಹೆಸರು ಇದ್ದರೆ ಸಾಲದು, ಕೊಳ್ಳುವಾಗಲೇ ನೋಡಿಕೊಳ್ಳಿ. ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು. ದೂರದರ್ಶಕ ಬೇಡ.

ಹಂತ 1: ಅಮಾವಾಸ್ಯೆ ಕಳೆದ ಸಂಜೆಯಿಂದ ನೋಡಲು ಶುರು ಮಾಡಿ

ಅಮಾವಾಸ್ಯೆ ದಿನ ಚಂದ್ರ ಸೂರ್ಯನ ದಿಕ್ಕಿನಲ್ಲೇ ಇರುತ್ತಾನೆ. ಬೆಳಕು ಬಿದ್ದ ಮೈ ಆಚೆ ಕಡೆ, ನಮ್ಮ ಕಡೆಗೆ ಕತ್ತಲು. ಹಾಗಾಗಿ ಕಾಣುವುದಿಲ್ಲ. ಪಾಡ್ಯದ ಸಂಜೆಯೂ ಸಾಮಾನ್ಯವಾಗಿ ಕಾಣುವುದು ಕಷ್ಟ. ಬಿದಿಗೆಯ ಸಂಜೆ ಸೂರ್ಯ ಮುಳುಗಿದ ಅರ್ಧ ಗಂಟೆಗೆ ಪಶ್ಚಿಮದಲ್ಲಿ ತಗ್ಗಿನಲ್ಲಿ ಹುಡುಕಿ. ಸಣ್ಣ ಗೆರೆಯಂಥ ಚಂದ್ರ ಸಿಗುತ್ತಾನೆ.

ಮಾರನೇ ದಿನ ಅದೇ ಹೊತ್ತಿಗೆ ಬನ್ನಿ. ಚಂದ್ರ ಸ್ವಲ್ಪ ಮೇಲಿರುತ್ತಾನೆ, ಸ್ವಲ್ಪ ದಪ್ಪ ಆಗಿರುತ್ತಾನೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಅದರ ಅಗಲ ಸುಮಾರು 10 ಡಿಗ್ರಿ. ಚಂದ್ರ ದಿನಕ್ಕೆ ಸೂರ್ಯನಿಂದ ದೂರ ಸರಿಯುವುದು ಸರಾಸರಿ 12 ಡಿಗ್ರಿ, ಅಂದರೆ ಒಂದು ಮುಷ್ಟಿಗಿಂತ ತುಸು ಜಾಸ್ತಿ. ನಾಲ್ಕೈದು ಸಂಜೆ ಹೀಗೆ ಅಳೆದರೆ ತಿಥಿ ಎಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ನೀವು ಅಳೆದ ಆ ಒಂದು ಹೆಜ್ಜೆಯೇ ಒಂದು ತಿಥಿ.

ಅಷ್ಟಮಿಯ ಹೊತ್ತಿಗೆ ಅರ್ಧ ಚಂದ್ರ. ಸೂರ್ಯ ಮುಳುಗುವಾಗ ಅವನು ನೆತ್ತಿಯ ಆಸುಪಾಸಿನಲ್ಲಿರುತ್ತಾನೆ. ಹುಣ್ಣಿಮೆಗೆ ಸೂರ್ಯ ಪಶ್ಚಿಮದಲ್ಲಿ ಇಳಿಯುವಾಗ ಚಂದ್ರ ಪೂರ್ವದಲ್ಲಿ ಏಳುತ್ತಾನೆ. ಆಮೇಲೆ ದಿನಾ ತಡವಾಗುತ್ತಾ ಹೋಗುತ್ತಾನೆ. ಬಹುಳ ಅಷ್ಟಮಿಗೆ ನಡುರಾತ್ರಿ ಹುಟ್ಟುತ್ತಾನೆ, ಚತುರ್ದಶಿಗೆ ಬೆಳಗಿನ ಜಾವ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ.

ಇಲ್ಲಿ ಎಡವುವ ಜಾಗ ಎರಡು. ಮೊದಲನೆಯದು, ಚಂದ್ರ ಸಣ್ಣಗಾಗುವುದು ಭೂಮಿಯ ನೆರಳಿನಿಂದ ಎಂಬ ನಂಬಿಕೆ. ಓದಿದವರೂ ಹೀಗೆ ಹೇಳುತ್ತಾರೆ. ನೆರಳು ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ, ಅದೂ ಹುಣ್ಣಿಮೆಯಂದು ಮಾತ್ರ. 2025ರ ಸೆಪ್ಟೆಂಬರ್ 7ರ ರಾತ್ರಿ ಕಂಡಿದ್ದು ಅದು. ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣ ಆಗುವುದಿಲ್ಲ. ಅನುಮಾನ ಇದ್ದರೆ ಶುದ್ಧ ಅಷ್ಟಮಿಯ, ಅಂದರೆ ಹುಣ್ಣಿಮೆಗೆ ಮೊದಲಿನ ಅಷ್ಟಮಿಯ, ಮಧ್ಯಾಹ್ನ ಸುಮಾರು ನಾಲ್ಕು ಗಂಟೆಗೆ ಹೊರಗೆ ಬನ್ನಿ. ಸೂರ್ಯ ಪಶ್ಚಿಮದಲ್ಲಿ, ಚಂದ್ರ ಪೂರ್ವದ ಕಡೆ ಮೇಲೇರಿರುತ್ತಾನೆ. ಒಂದು ನಿಂಬೆಹಣ್ಣನ್ನು ಬಿಸಿಲಿನಲ್ಲಿ ಚಂದ್ರನ ನೇರಕ್ಕೆ ಹಿಡಿದು ನೋಡಿ. ಹಣ್ಣಿನ ಮೇಲಿನ ಬೆಳಕೂ ಚಂದ್ರನ ಮೇಲಿನ ಬೆಳಕೂ ಒಂದೇ ಆಕಾರ. ನಡುವೆ ಯಾರ ನೆರಳೂ ಇಲ್ಲ.

ಎರಡನೆಯದು, ಬಲಗಡೆ ಬೆಳಕಿದ್ದರೆ ಏರುವ ಚಂದ್ರ, ಎಡಗಡೆ ಇದ್ದರೆ ಇಳಿಯುವ ಚಂದ್ರ ಎಂಬ ಸೂತ್ರ. ಇದು ಯುರೋಪಿನಂಥ ಉತ್ತರದ ದೇಶಗಳಿಗೆ ಹೊಂದುತ್ತದೆ. ನಮ್ಮ ಕರ್ನಾಟಕ ಸಮಭಾಜಕಕ್ಕೆ ಹತ್ತಿರ. ಫೆಬ್ರವರಿ, ಮಾರ್ಚ್ ಸಂಜೆಗಳಲ್ಲಿ ಇಲ್ಲಿ ಬಿದಿಗೆ ಚಂದ್ರ ಕೊಂಬು ಮೇಲೆ ಮಾಡಿ ಅಂಗಾತ ಮಲಗಿರುತ್ತಾನೆ. ಎಡ ಯಾವುದು, ಬಲ ಯಾವುದು? ಸುಮ್ನೆ ಹೊತ್ತು ನೋಡಿ. ಸಂಜೆ ಪಶ್ಚಿಮದಲ್ಲಿ ಗೆರೆಚಂದ್ರ ಕಂಡರೆ ಏರುವ ಪಕ್ಷ, ಬೆಳಗಿನ ಜಾವ ಪೂರ್ವದಲ್ಲಿ ಕಂಡರೆ ಇಳಿಯುವ ಪಕ್ಷ. ಇದು ಯಾವ ದೇಶದಲ್ಲೂ ತಪ್ಪುವುದಿಲ್ಲ.

ಹಂತ 2: ತಿಥಿಗೆ ಹೊತ್ತು ಜೋಡಿಸಿ

ಸೂರ್ಯ, ಚಂದ್ರರನ್ನು ಗಡಿಯಾರದ ಎರಡು ಮುಳ್ಳು ಅಂದುಕೊಳ್ಳಿ. ಸೂರ್ಯ ಗಂಟೆಮುಳ್ಳು, ಚಂದ್ರ ನಿಮಿಷದ ಮುಳ್ಳು. ಎರಡೂ ಕೂಡಿದಾಗ ಅಮಾವಾಸ್ಯೆ ಮುಗಿಯುತ್ತದೆ. ಅಲ್ಲಿಂದ ನಡುವಿನ ಅಂತರ 12 ಡಿಗ್ರಿ ಆಗುವವರೆಗೆ ಪಾಡ್ಯ, 24 ಆಗುವವರೆಗೆ ಬಿದಿಗೆ. ಹೀಗೆ 180ಕ್ಕೆ ಹುಣ್ಣಿಮೆ ಮುಗಿಯುತ್ತದೆ, 360ಕ್ಕೆ ಮತ್ತೆ ಅಮಾವಾಸ್ಯೆ ಮುಗಿಯುತ್ತದೆ. ಒಟ್ಟು 30 ತಿಥಿ. ಮೊದಲ 15 ಶುಕ್ಲಪಕ್ಷ, ಪಂಚಾಂಗದಲ್ಲಿ "ಶುದ್ಧ". ಮುಂದಿನ 15 ಕೃಷ್ಣಪಕ್ಷ, "ಬಹುಳ". ಶು., ಬ. ಅಂತ ಚಿಕ್ಕದಾಗಿ ಹಾಕಿರುತ್ತಾರೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಚಂದ್ರ ನಿಖರವಾಗಿ ಪೂರ್ತಿಯಾಗುವ ಕ್ಷಣ ಹುಣ್ಣಿಮೆ ತಿಥಿಯ ನಡುವೆ ಬರುವುದಿಲ್ಲ, ಕೊನೆಗೆ ಬರುತ್ತದೆ. ಖಗೋಳದವರು "ಇಷ್ಟು ಗಂಟೆಗೆ ಹುಣ್ಣಿಮೆ" ಅಂದರೆ ಪಂಚಾಂಗದಲ್ಲಿ ಅದು ಹುಣ್ಣಿಮೆ ಮುಗಿಯುವ ಹೊತ್ತು. ಬೆಳಗ್ಗೆ ಮುಗಿಯುವುದಾದರೆ ಹಿಂದಿನ ರಾತ್ರಿಯ ಚಂದ್ರನೇ ಹುಣ್ಣಿಮೆ ಚಂದ್ರ.

ಚಂದ್ರ ಪ್ರತಿದಿನ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ, ತಡವಾಗಿ ಮುಳುಗುತ್ತಾನೆ. ಇದಿಷ್ಟು ಗೊತ್ತಿದ್ದರೆ ಅಂದಾಜು ನೀವೇ ಮಾಡಬಹುದು. ಶುಕ್ಲಪಕ್ಷದಲ್ಲಿ ಸೂರ್ಯಾಸ್ತಕ್ಕೆ ತಿಥಿಯ ಸಂಖ್ಯೆ ಗುಣಿಸು 50 ನಿಮಿಷ ಸೇರಿಸಿ, ಚಂದ್ರ ಮುಳುಗುವ ಹೊತ್ತು ಬರುತ್ತದೆ. ಬಹುಳದಲ್ಲಿ ಅದೇ ಲೆಕ್ಕಕ್ಕೆ ಚಂದ್ರ ಹುಟ್ಟುವ ಹೊತ್ತು. ಸಂಕಷ್ಟಿಯ ದಿನ ಬಹುಳ ಚೌತಿ. ನಾಲ್ಕು ಸಲ 50 ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಆರೂವರೆಗೆ ಸೂರ್ಯ ಮುಳುಗಿದರೆ ಒಂಬತ್ತು ಮುಕ್ಕಾಲರ ಆಸುಪಾಸು ಚಂದ್ರೋದಯ. ಇದು ಬರೀ ಅಂದಾಜು, ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ಉಪವಾಸ ಬಿಡುವವರು ಪಂಚಾಂಗದ ಹೊತ್ತನ್ನೇ ನೋಡಿ, ಹೊಟ್ಟೆಗೆ ಅಂದಾಜು ಸಾಲದು. ಗಣೇಶ ಚೌತಿಯ ಚಂದ್ರನನ್ನು ನೋಡಬಾರದು ಅನ್ನುವ ಮನೆಯವರಿಗೂ ಈ ಲೆಕ್ಕ ಸಹಾಯಕ್ಕೆ ಬರುತ್ತದೆ. ಅವನು ಲೆಕ್ಕಕ್ಕಿಂತ ತುಸು ಮೊದಲೇ, ಒಂಬತ್ತರ ಆಸುಪಾಸಿಗೆ, ಮುಳುಗಿಬಿಡುತ್ತಾನೆ, ಆಮೇಲೆ ಧೈರ್ಯವಾಗಿ ತಲೆ ಎತ್ತಬಹುದು.

ಹಂತ 3: ಕ್ಯಾಲೆಂಡರಿನ ಚೌಕವನ್ನು ಓದಿ

ಮುಕ್ಕಾಲು ಪಾಲು ಪ್ರಶ್ನೆಗಳು ಹುಟ್ಟುವುದೇ ಇಲ್ಲಿ. ಚೌಕದಲ್ಲಿ ಅಚ್ಚಾಗಿರುವುದು ಆ ದಿನ ಸೂರ್ಯ ಹುಟ್ಟುವಾಗ ಯಾವ ತಿಥಿ ಇತ್ತು ಎಂಬುದು. ಅದರ ಪಕ್ಕದ ಹೊತ್ತು ಆ ತಿಥಿ ಮುಗಿಯುವ ಹೊತ್ತು. ಆಮೇಲೆ ಮುಂದಿನ ತಿಥಿ ಶುರು, ಅದನ್ನು ಹಲವು ಕ್ಯಾಲೆಂಡರ್‌ಗಳು ಬರೆಯುವುದೇ ಇಲ್ಲ.

2025ರ ಅಕ್ಟೋಬರ್ 20ನ್ನು ನೋಡಿ. ಬೆಳಗ್ಗೆ ಚತುರ್ದಶಿ, ಮಧ್ಯಾಹ್ನ 3:44ಕ್ಕೆ ಅದು ಮುಗಿದು ಅಮಾವಾಸ್ಯೆ ಶುರು. ಮಾರನೇ ದಿನ ಸಂಜೆ 5:54ಕ್ಕೆ ಅಮಾವಾಸ್ಯೆ ಮುಗಿಯಿತು. ಹಾಗಾಗಿ 20ರ ಚೌಕದಲ್ಲಿ "ಚತುರ್ದಶಿ", 21ರ ಚೌಕದಲ್ಲಿ "ಅಮಾವಾಸ್ಯೆ". ಆದರೆ ಕತ್ತಲಾದ ಮೇಲೆ ಪೂರ್ತಿ ಅಮಾವಾಸ್ಯೆ ಇದ್ದಿದ್ದು 20ರ ರಾತ್ರಿ! ಲಕ್ಷ್ಮೀಪೂಜೆಗೆ ಕೆಲವರು 20 ಅಂದರು, ಕೆಲವರು 21 ಅಂದರು. ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಭೂಮಿಗೆ ಹತ್ತಿರ ಬಂದಾಗ ಅವನ ಓಟ ಜೋರು, ದೂರ ಹೋದಾಗ ನಿಧಾನ. ಹೀಗಾಗಿ ಒಂದು ತಿಥಿ ಸುಮಾರು 20 ಗಂಟೆಯಿಂದ 26 ಗಂಟೆವರೆಗೆ ಇರುತ್ತದೆ. ಉದ್ದದ ತಿಥಿ ಎರಡು ಸೂರ್ಯೋದಯ ಮುಟ್ಟಿದರೆ ಎರಡು ಚೌಕದಲ್ಲೂ ಅದೇ ಹೆಸರು ಬರುತ್ತದೆ. ಇದು ವೃದ್ಧಿ ತಿಥಿ. ಗಿಡ್ಡ ತಿಥಿ ಯಾವ ಸೂರ್ಯೋದಯವನ್ನೂ ಮುಟ್ಟದೆ ಮುಗಿದುಹೋದರೆ ಚೌಕದಲ್ಲಿ ಕಾಣುವುದೇ ಇಲ್ಲ. ಇದು ಕ್ಷಯ ತಿಥಿ. ಅಚ್ಚಿನ ತಪ್ಪು ಅಂದುಕೊಂಡು ಅಂಗಡಿಯವರ ಜತೆ ಜಗಳಕ್ಕೆ ಹೋಗಬೇಡಿ.

ಕ್ಷಯಕ್ಕೆ 2026ರ ಯುಗಾದಿಗಿಂತ ಒಳ್ಳೆಯ ಉದಾಹರಣೆ ಬೇಡ. ಮಾರ್ಚ್ 19ರ ಬೆಳಗ್ಗೆ 6:53ಕ್ಕೆ ಅಮಾವಾಸ್ಯೆಯ ಕೊನೆ. ಬೆಂಗಳೂರಿನಲ್ಲಿ ಅಷ್ಟು ಹೊತ್ತಿಗೆ ಸೂರ್ಯ ಹುಟ್ಟಿ ಆಗಿರುತ್ತದೆ. ಚೈತ್ರ ಶುದ್ಧ ಪಾಡ್ಯ ಆಗ ಶುರುವಾಗಿ 20ರ ಬೆಳಗಿನ ಜಾವ ಸುಮಾರು ಐದಕ್ಕೆ, ಸೂರ್ಯ ಹುಟ್ಟುವ ಮೊದಲೇ ಮುಗಿಯುತ್ತದೆ. ಹೊಸ ವರ್ಷದ ಮೊದಲ ತಿಥಿಗೇ ಕ್ಯಾಲೆಂಡರಿನಲ್ಲಿ ಸ್ವಂತ ಚೌಕ ಇಲ್ಲ! ಹಾಗಾದಾಗ ಪಾಡ್ಯ ಶುರುವಾಗಿ ಮುಗಿಯುವ ದಿನವನ್ನೇ, ಅಂದರೆ 19ನ್ನೇ, ಹಬ್ಬಕ್ಕೆ ಹಿಡಿಯುತ್ತಾರೆ.

ಹೊತ್ತು ಬರೆಯುವ ರೀತಿಯಲ್ಲೂ ಎಡವುತ್ತಾರೆ. "27-12" ಅಂತ ಇದ್ದರೆ 24 ಕಳೆಯಿರಿ. ಅದು ಮಾರನೇ ದಿನ ಬೆಳಗಿನ ಜಾವ 3:12. ಪಂಚಾಂಗದಲ್ಲಿ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಅದಕ್ಕೇ ಹೀಗೆ. ಹಳೇ ಮಾದರಿಯ ಪಂಚಾಂಗದಲ್ಲಿ ಗಂಟೆಯ ಬದಲು ಘಟಿ, ವಿಘಟಿ ಇರುತ್ತದೆ. ಒಂದು ಘಟಿ 24 ನಿಮಿಷ, ಒಂದು ವಿಘಟಿ 24 ಸೆಕೆಂಡು, ಲೆಕ್ಕ ಸೂರ್ಯೋದಯದಿಂದ. "ಏಕಾದಶಿ 23-15" ಎಂದರೆ 23 ಘಟಿಗೆ 552 ನಿಮಿಷ, 15 ವಿಘಟಿಗೆ 6 ನಿಮಿಷ, ಒಟ್ಟು 9 ಗಂಟೆ 18 ನಿಮಿಷ. ಸೂರ್ಯೋದಯ 6:20 ಇದ್ದರೆ ಏಕಾದಶಿ ಮಧ್ಯಾಹ್ನ 3:38ರವರೆಗೆ. ನಿಮ್ಮ ಪಂಚಾಂಗ ಎರಡರಲ್ಲಿ ಯಾವ ರೀತಿಯದ್ದು ಅಂತ ಮೊದಲ ಪುಟದಲ್ಲೇ ನೋಡಿಕೊಳ್ಳಿ.

ಹಂತ 4: ಯಾವ ಹಬ್ಬ ಯಾವ ಹೊತ್ತನ್ನು ನೋಡುತ್ತದೆ?

ಎಲ್ಲ ಹಬ್ಬಕ್ಕೂ ಸೂರ್ಯೋದಯದ ತಿಥಿ ಲೆಕ್ಕವಲ್ಲ. ಹಬ್ಬದ ಮುಖ್ಯ ಕೆಲಸ ನಡೆಯುವ ಹೊತ್ತಿನಲ್ಲಿ ತಿಥಿ ಇರಬೇಕು ಎಂಬುದು ನಿಯಮ.

- ಸೂರ್ಯೋದಯ: ಯುಗಾದಿ.
- ನಡುಹಗಲು: ರಾಮನವಮಿ, ಗಣೇಶ ಚೌತಿ.
- ಮಧ್ಯಾಹ್ನದ ಮೇಲೆ: ವಿಜಯದಶಮಿ.
- ಸೂರ್ಯಾಸ್ತದ ನಂತರದ ಹೊತ್ತು, ಅಂದರೆ ಪ್ರದೋಷ: ದೀಪಾವಳಿಯ ಲಕ್ಷ್ಮೀಪೂಜೆ.
- ಚಂದ್ರೋದಯ: ಸಂಕಷ್ಟಿ.
- ನಡುರಾತ್ರಿ: ಶಿವರಾತ್ರಿ, ಕೃಷ್ಣ ಜನ್ಮಾಷ್ಟಮಿ.
- ಸೂರ್ಯ ಹುಟ್ಟುವ ಮುನ್ನ: ನರಕ ಚತುರ್ದಶಿಯ ಎಣ್ಣೆಸ್ನಾನ.

ತಿಥಿ ಎರಡು ದಿನವೂ ಆ ಹೊತ್ತನ್ನು ಮುಟ್ಟಿದರೆ ಅಥವಾ ಎರಡು ದಿನವೂ ತಪ್ಪಿದರೆ ಮುಂದಿನ ತೀರ್ಮಾನಕ್ಕೆ ಬೇರೆ ನಿಯಮಗಳಿವೆ. ಅಲ್ಲಿ ಸಂಪ್ರದಾಯಗಳು ಕವಲೊಡೆಯುತ್ತವೆ.

ಏಕಾದಶಿಯದ್ದು ಬೇರೆಯೇ ಕತೆ. ವೈಷ್ಣವರು ಸೂರ್ಯೋದಯಕ್ಕೆ 4 ಘಟಿ ಮೊದಲಿನ ಅರುಣೋದಯವನ್ನೂ ನೋಡುತ್ತಾರೆ. ಆಗ ದಶಮಿ ಇನ್ನೂ ಉಳಿದಿದ್ದರೆ ಅವರ ಉಪವಾಸ ಮಾರನೇ ದಿನ. ಸ್ಮಾರ್ತರಿಗೆ ಸೂರ್ಯೋದಯಕ್ಕೆ ಏಕಾದಶಿ ಬಂದರೆ ಸಾಕು. ಪಕ್ಕದ ಮನೆಯವರದ್ದು ನಿನ್ನೆ, ನಿಮ್ಮದು ಇವತ್ತು ಆಗುವುದು ಹೀಗೆ.

ಹಂತ 5: ತಿಂಗಳ ಹೆಸರು

ಕರ್ನಾಟಕದಲ್ಲಿ ಚಾಂದ್ರಮಾನ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಇದಕ್ಕೆ ಅಮಾಂತ ಎನ್ನುತ್ತಾರೆ. ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತಿನಲ್ಲೂ ಹೀಗೇ. ಉತ್ತರ ಭಾರತದ ಹೆಚ್ಚಿನ ಕಡೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ಅದು ಪೂರ್ಣಿಮಾಂತ. ಶುಕ್ಲಪಕ್ಷದಲ್ಲಿ ಇಬ್ಬರ ತಿಂಗಳೂ ಒಂದೇ. ಬಹುಳದಲ್ಲಿ ಅವರು ಒಂದು ಹೆಸರು ಮುಂದೆ. ನಮಗೆ ಶಿವರಾತ್ರಿ ಮಾಘ ಬಹುಳದಲ್ಲಿ, ಅವರಿಗೆ ಫಾಲ್ಗುಣದಲ್ಲಿ. ರಾತ್ರಿ ಮಾತ್ರ ಅದೇ ರಾತ್ರಿ. ಮೊಬೈಲ್ ಆ್ಯಪ್ ಹಾಕಿಕೊಂಡವರು ಸೆಟ್ಟಿಂಗ್‌ನಲ್ಲಿ ಅಮಾಂತ ಆರಿಸಿದ್ದೀರಾ ನೋಡಿ. ಉತ್ತರ ಭಾರತದ ಆ್ಯಪ್ ಇಟ್ಟುಕೊಂಡು "ಶ್ರಾವಣ ಇಷ್ಟು ಬೇಗ ಬಂತಾ?" ಅಂತ ಕೇಳುವವರು ಪ್ರತಿ ವರ್ಷ ಸಿಗುತ್ತಾರೆ.

ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಅದರಿಂದ ತಿಂಗಳಿಗೆ ಹೆಸರು. ಚಿತ್ತೆಯ ಹತ್ತಿರ ಇದ್ದರೆ ಚೈತ್ರ, ವಿಶಾಖೆಯ ಹತ್ತಿರ ವೈಶಾಖ, ಕೃತ್ತಿಕೆಯ ಹತ್ತಿರ ಕಾರ್ತೀಕ.

ಹಳ್ಳಿಯ ಕಡೆ ಯಾರೂ ಜ್ಯೇಷ್ಠ ಪೂರ್ಣಿಮೆ ಅನ್ನುವುದಿಲ್ಲ, ಕಾರ ಹುಣ್ಣಿಮೆ ಅನ್ನುತ್ತಾರೆ. ಆಶ್ವಯುಜದ್ದು ಶೀಗಿ ಹುಣ್ಣಿಮೆ, ಪುಷ್ಯದ್ದು ಬನದ ಹುಣ್ಣಿಮೆ, ಮಾಘದ್ದು ಭಾರತ ಹುಣ್ಣಿಮೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢಕ್ಕೆ ಭೀಮನ ಅಮಾವಾಸ್ಯೆ, ಮಾರ್ಗಶಿರಕ್ಕೆ ಎಳ್ಳು ಅಮಾವಾಸ್ಯೆ. ತಿಂಗಳು ನೆನಪಿಡಲು ನನ್ನ ಪ್ರಕಾರ ಇದೇ ಸುಲಭದ ದಾರಿ. ಮನೆಯಲ್ಲಿ ಅಜ್ಜಿ ಇದ್ದರೆ ಹನ್ನೆರಡು ಹುಣ್ಣಿಮೆ, ಹನ್ನೆರಡು ಅಮಾವಾಸ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಊರಿಂದೂರಿಗೆ ಹೆಸರು ಬದಲಾಗುತ್ತದೆ.

ಹಂತ 6: ಅಧಿಕಮಾಸದ ಲೆಕ್ಕ

ಹನ್ನೆರಡು ಚಾಂದ್ರ ತಿಂಗಳು ಕೂಡಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ಹಾಗೇ ಬಿಟ್ಟರೆ ಯುಗಾದಿ ಮಳೆಗಾಲಕ್ಕೆ ಹೋಗುತ್ತದೆ. ಸರಿಪಡಿಸಲು ಸುಮಾರು 32-33 ತಿಂಗಳಿಗೊಮ್ಮೆ, 19 ವರ್ಷಕ್ಕೆ 7 ಸಲ, ಒಂದು ತಿಂಗಳು ಹೆಚ್ಚು ಸೇರುತ್ತದೆ.

ಯಾವ ತಿಂಗಳು ಅಧಿಕ? ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ಹೊಸ ರಾಶಿಗೆ ಹೋಗದಿದ್ದರೆ, ಅಂದರೆ ನಡುವೆ ಸಂಕ್ರಮಣ ಇಲ್ಲದಿದ್ದರೆ, ಆ ತಿಂಗಳು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಜೂನ್ 15ರ ಬೆಳಗ್ಗೆ ಸುಮಾರು ಎಂಟೂವರೆಗೆ ಅಮಾವಾಸ್ಯೆ ಮುಗಿಯುತ್ತದೆ, ಸೂರ್ಯ ಮಿಥುನಕ್ಕೆ ಕಾಲಿಡುವುದು ಅದೇ ದಿನ ಮಧ್ಯಾಹ್ನ. ಕೆಲವೇ ಗಂಟೆಯಲ್ಲಿ ಸಂಕ್ರಮಣ ತಪ್ಪಿಹೋಯಿತು, ತಿಂಗಳು ಅಧಿಕವಾಯಿತು. ಆಮೇಲೆ ಬರುವುದು ನಿಜ ಜ್ಯೇಷ್ಠ. ಹಬ್ಬಗಳು ನಿಜದಲ್ಲಿ.

ಮುಂದಿನ ವರ್ಷದ ಹಬ್ಬ ಅಂದಾಜಿಸಲು ಈ ಲೆಕ್ಕ ಸಾಕು. ನಡುವೆ ಅಧಿಕಮಾಸ ಇಲ್ಲದಿದ್ದರೆ 10-11 ದಿನ ಹಿಂದೆ, ಇದ್ದರೆ 18-19 ದಿನ ಮುಂದೆ. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಮದುವೆ ಛತ್ರ ಬುಕ್ ಮಾಡುವವರು, ಊರಿಗೆ ಟಿಕೆಟ್ ಹಾಕುವವರು ಇದನ್ನು ಬರೆದಿಟ್ಟುಕೊಳ್ಳಿ.

ಮುಸ್ಲಿಮರ ಹಿಜರಿ ಕ್ಯಾಲೆಂಡರಿನಲ್ಲಿ ಅಧಿಕಮಾಸ ಇಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಅಲ್ಲಿ ತಿಂಗಳು ಶುರುವಾಗುವುದು ಗೆರೆಚಂದ್ರ ಕಣ್ಣಿಗೆ ಬಿದ್ದ ಮೇಲೆ. 2024ರಲ್ಲಿ ದಕ್ಷಿಣ ಕನ್ನಡ, ಉಡುಪಿಯಲ್ಲಿ ಏಪ್ರಿಲ್ 10ಕ್ಕೆ ಈದ್ ಆದರೆ ಬೆಂಗಳೂರಿನ ಕಡೆ 11ಕ್ಕೆ. ಕರಾವಳಿಯವರು ಕೇರಳದ ಕಡೆ ಚಂದ್ರ ಕಂಡಿದ್ದನ್ನು ಅನುಸರಿಸುತ್ತಾರೆ.

ಹಂತ 7: ಸೂರ್ಯನ ಲೆಕ್ಕವನ್ನು ಬೇರೆ ಇಡಿ

ಅದೇ ಕ್ಯಾಲೆಂಡರಿನಲ್ಲಿ ಸೂರ್ಯನ ಲೆಕ್ಕವೂ ಇರುತ್ತದೆ. ಎರಡನ್ನೂ ಕಲಸಬೇಡಿ. ಮಕರ ಸಂಕ್ರಾಂತಿ ಪ್ರತಿ ವರ್ಷ ಜನವರಿ 14 ಅಥವಾ 15ಕ್ಕೇ ಬರುವುದು ಅದು ಸೂರ್ಯನದ್ದಾದ್ದರಿಂದ. ತುಳುನಾಡಿನ ಹೊಸ ವರ್ಷದ ಹಬ್ಬ ಬಿಸು ಕೂಡ ಹಾಗೇ.

ರೈತರು ಹೇಳುವ ರೋಹಿಣಿ ಮಳೆ, ಆರಿದ್ರ ಮಳೆ ಕೂಡ ಸೂರ್ಯನ ನಕ್ಷತ್ರಗಳು. ಒಂದೊಂದು 13-14 ದಿನ. ದಿನದ ಚೌಕದಲ್ಲಿರುವ ನಕ್ಷತ್ರ ಚಂದ್ರನದ್ದು, ಸುಮಾರು ದಿನಕ್ಕೊಂದು. "ಇವತ್ತು ಆರಿದ್ರ ಅಂತಿದೆ, ಮಳೆ ಶುರುವಾಯಿತಾ?" ಅನ್ನುವ ಪ್ರಶ್ನೆಗೆ ಉತ್ತರ ಇದೇ.

ಸರಕಾರದ ರಾಷ್ಟ್ರೀಯ ಶಕ ಕ್ಯಾಲೆಂಡರ್ 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ಅದರಲ್ಲೂ ಚೈತ್ರ, ವೈಶಾಖ ಇವೆ, ಆದರೆ ಅವು ಸೂರ್ಯನ ತಿಂಗಳು. ಅಲ್ಲಿ ಚೈತ್ರ 1 ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ. ಯುಗಾದಿಗೂ ಅದಕ್ಕೂ ಸಂಬಂಧ ಇಲ್ಲ.

ಎರಡೂ ಲೆಕ್ಕ ಒಟ್ಟಿಗೆ ಬರುವ ಜಾಗ ಉಡುಪಿ. 2025ರಲ್ಲಿ ಹೆಚ್ಚಿನ ಕಡೆ ಜನ್ಮಾಷ್ಟಮಿ ಆಗಸ್ಟ್ 15-16ರಲ್ಲಿ ಆಯಿತು. ಉಡುಪಿಯ ಕೃಷ್ಣಮಠದಲ್ಲಿ ಸೆಪ್ಟೆಂಬರ್ 14ಕ್ಕೆ, ಮಾರನೇ ದಿನ ಮೊಸರು ಕುಡಿಕೆಯ ಉತ್ಸವ ವಿಟ್ಲಪಿಂಡಿ. ಅಲ್ಲಿ ಬಹುಳ ಅಷ್ಟಮಿ ಇದ್ದರೆ ಸಾಲದು, ಸೂರ್ಯ ಸಿಂಹ ರಾಶಿಯಲ್ಲಿರಬೇಕು. ಆ ವರ್ಷ ಸಿಂಹ ಸಂಕ್ರಮಣ ಆಗಸ್ಟ್ 17ಕ್ಕೆ. ಆಗಸ್ಟಿನ ಅಷ್ಟಮಿ ಒಂದು ದಿನದಲ್ಲಿ ತಪ್ಪಿತು, ಮುಂದಿನ ಅಷ್ಟಮಿಗೆ ಕಾಯಬೇಕಾಯಿತು. ವಿಟ್ಲಪಿಂಡಿಗೆ ಹೋಗುವವರು ಉಡುಪಿಯ ಪಂಚಾಂಗ ನೋಡಿಯೇ ಬಸ್ ಬುಕ್ ಮಾಡಿ.

ಹಂತ 8: ಎರಡು ಪಂಚಾಂಗ ಜಗಳವಾಡಿದರೆ

ಮೊದಲು ಎರಡರ ಗಣಿತವೂ ಒಂದೇನಾ ನೋಡಿ. ದೃಗ್ಗಣಿತದ ಪಂಚಾಂಗ ಚಂದ್ರ ಈಗ ಆಕಾಶದಲ್ಲಿ ನಿಜವಾಗಿ ಇರುವ ಜಾಗವನ್ನು ಹಿಡಿಯುತ್ತದೆ. ಸೂರ್ಯಸಿದ್ಧಾಂತದ ಪಂಚಾಂಗ ಹಳೆಯ ಗ್ರಂಥದ ಸೂತ್ರಗಳಿಂದ ಲೆಕ್ಕ ಹಾಕುತ್ತದೆ. ತಿಥಿ ಮುಗಿಯುವ ಹೊತ್ತಿನಲ್ಲಿ ಗಂಟೆಗಳ ವ್ಯತ್ಯಾಸ ಬರಬಹುದು. ಚಂದ್ರನನ್ನು ನೋಡಲು, ಗ್ರಹಣ ತಿಳಿಯಲು ದೃಗ್ಗಣಿತವೇ ಸರಿ. ಮನೆಯ ಆಚರಣೆಗೆ ನಿಮ್ಮ ಹಿರಿಯರು ಯಾವುದನ್ನು ಅನುಸರಿಸುತ್ತಾರೋ ಅದನ್ನೇ ವರ್ಷಪೂರ್ತಿ ಇಟ್ಟುಕೊಳ್ಳಿ. ಹಬ್ಬಕ್ಕೊಂದು ಪಂಚಾಂಗ ಬದಲಿಸಿದರೆ ಗೊಂದಲ ಖಾಯಂ.

ಆಮೇಲೆ ಯಾವ ಊರಿಗೆ ಮಾಡಿದ ಪಂಚಾಂಗ ಅಂತ ನೋಡಿ. ಹೊರದೇಶದಲ್ಲಿರುವವರಿಗೆ ಇದು ಮುಖ್ಯ. ತಿಥಿ ಬದಲಾಗುವ ಕ್ಷಣ ಇಡೀ ಭೂಮಿಗೆ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. 2026ರ ಯುಗಾದಿ ಪಾಡ್ಯವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಬೆಳಗ್ಗೆ 6:53 ಎಂದರೆ ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ 9:23. ಅಲ್ಲಿ ಪಾಡ್ಯ 18ರ ರಾತ್ರಿಯೇ ಶುರುವಾಗಿ 19ರ ಸಂಜೆ ತನಕ ಇರುತ್ತದೆ. ಇಲ್ಲಿ ಕ್ಷಯವಾದ ತಿಥಿ ಅಲ್ಲಿ ಸೂರ್ಯೋದಯಕ್ಕೆ ಸರಿಯಾಗಿ ಸಿಗುತ್ತದೆ. ಈ ಸಲ ತಾರೀಖು ಎರಡೂ ಕಡೆ 19 ಬಂತು, ಪ್ರತಿ ಹಬ್ಬಕ್ಕೂ ಹೀಗಾಗುವುದಿಲ್ಲ. ಊರಿನ ಕ್ಯಾಲೆಂಡರಿನ ಹೊತ್ತನ್ನು ನಿಮ್ಮ ಊರಿನ ಹೊತ್ತಿಗೆ ಬದಲಿಸಿ, ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುವ ದೇಶವಾದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಮೇಲೆ ಹಂತ 4ರ ಪಟ್ಟಿಗೆ ಹೋಗಿ, ನಿಮ್ಮ ಊರಿನ ಸೂರ್ಯೋದಯ, ಸೂರ್ಯಾಸ್ತಕ್ಕೆ ಹೊಂದಿಸಿ ನೋಡಿ.